ಅಪ್ಪಯ್ಯನ ಕಲ್ಲು ಎಲ್ಲಿದೆ?

ಕಡಲ ನಕ್ಷೆಯ ತಿದ್ದುಪಡಿ ದೋಣಿಯವರೆಗೆ ತಲುಪುವ ದಾರಿಯ ಕಥೆ

ಜೂನ್ ತಿಂಗಳ ಒಂದು ಬೆಳಗ್ಗೆ ಗಂಗೊಳ್ಳಿಯ ಭಾವ ಕಾತ್ರಜ ಚೌಕದಲ್ಲಿ ಬಸ್ಸಿಳಿದರು. ಮಗಳನ್ನು ಪುಣೆಯ ಕಾಲೇಜಿಗೆ ಸೇರಿಸಲು ಬಂದಿದ್ದರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ, ಬೋಟಿನವರು ಊರೂರು ತಿರುಗಿ ವರ್ಷದ ಬಾಕಿ ಕೆಲಸ ಮುಗಿಸಿಕೊಳ್ಳುತ್ತಾರೆ. ಊಟವಾದ ಮೇಲೆ ಭಾವ ಚೀಲದಿಂದ ಹಳೆಯ ಕನ್ನಡಕದ ಡಬ್ಬಿಯೊಂದನ್ನು ತೆಗೆದರು. ಒಳಗೆ ಹತ್ತಿಯಲ್ಲಿ ಸುತ್ತಿದ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು, ಅದರ ಜೊತೆಗೆ ಉಪ್ಪುಗಾಳಿಗೆ ಅಂಚು ಕಂದಿದ ಒಂದು ನೋಟ್‌ಬುಕ್ಕು.

"ಬೋಟಿನ ಜಿಪಿಎಸ್‌ಗೆ ಹೊಸ ಸಾಫ್ಟ್‌ವೇರ್ ಹಾಕ್ಕಂಬ್ರ್. ನಿಂಗೆ ಕಂಪ್ಯೂಟರ್ ಗೊತ್ತಿತ್ತಲ್ಲ, ಮಾಡಿಕೊಡ್. ಇದ್ರಗೆ ಅಪ್ಪಯ್ಯನ ಪಾಯಿಂಟೆಲ್ಲ ಇತ್ತ್. ಜಾಗ್ರತೆ ಮಾರಾಯ."

ಕರಾವಳಿಯಲ್ಲಿ ಎಲ್ಲರೂ ಅದನ್ನು 'ಜಿಪಿಎಸ್' ಎಂದೇ ಕರೆಯುತ್ತಾರೆ. ಅದರ ಸರಿಯಾದ ಹೆಸರು ಚಾರ್ಟ್‌ಪ್ಲಾಟರ್. ಉಪಗ್ರಹಗಳಿಂದ ತಾನಿರುವ ಜಾಗವನ್ನು ಲೆಕ್ಕಹಾಕಿ, ಕಡಲ ನಕ್ಷೆಯ ಮೇಲೆ ಬೋಟಿನ ಗುರುತನ್ನು ತೋರಿಸುವ ಪರದೆ ಅದು. ಬಲೆಗೆ ಒಳ್ಳೆಯ ಜಾಗ, ಬಲೆ ಹರಿಯುವ ಕಲ್ಲು, ಮುಳುಗಿದ ಹಡಗು, ಇವನ್ನೆಲ್ಲ ತಾಂಡೇಲರು ಅದರಲ್ಲಿ ಗುರುತು ಹಾಕಿ ಇಡುತ್ತಾರೆ. ಆ ಗುರುತುಗಳೇ 'ಪಾಯಿಂಟ್'.

ಜಾಗ್ರತೆ ಎಂದು ಭಾವ ಹೇಳಿದ್ದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಇದೇ ಕೆಲಸಕ್ಕೆ ಯಂತ್ರವನ್ನು ಒಂದು ಅಂಗಡಿಗೆ ಕೊಟ್ಟಿದ್ದರು. ಅವರು ಸಾಫ್ಟ್‌ವೇರ್ ಹಾಕುವ ಮುಂಚೆ ಒಳಗಿದ್ದುದನ್ನೆಲ್ಲ ಅಳಿಸಿ, ಯಂತ್ರವನ್ನು ಹೊಸದರಂತೆ ಮಾಡಿ ಕೊಟ್ಟರು. ಇಪ್ಪತ್ತೈದು ವರ್ಷಗಳ ಪಾಯಿಂಟುಗಳು ಹೋದವು. ಉಳಿದಿದ್ದು ತೀರಿಹೋದ ಅಪ್ಪಯ್ಯನ ನೋಟ್‌ಬುಕ್ಕು ಮಾತ್ರ. ಭಾವ ಅದನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಂಕಿಯನ್ನು ಮತ್ತೆ ಒತ್ತಿದ್ದರು. ಆದರೆ ಆ ಅಂಕಿ ನಂಬಿ ಹೋದರೆ ಕಲ್ಲು ಆ ಜಾಗದಲ್ಲಿರಲಿಲ್ಲ. ಪಕ್ಕದಲ್ಲೆಲ್ಲೋ ಇತ್ತು. ಎರಡು ಸಲ ಬಲೆ ಹರಿಯಿತು.

"ಕಡೆಗಾಲಕ್ಕೆ ಅಪ್ಪಯ್ಯಂಗೆ ಕಣ್ಣ್ ಮಂಜಾಗಿತ್ತ್. ಎಂತದೋ ಬರ್ದಿಟ್ಟೀರ್. ಹಳೇದೆಲ್ಲ ಅಳ್ಸಿಬಿಡುವಾ ಅಂದೇಳಿ ಅಂದ್ಕಂಡಿದೆ" ಎಂದರು ಭಾವ.

ಅಳಿಸುವ ಮುಂಚೆ ಒಮ್ಮೆ ನೋಡೋಣ ಎಂದೆ. ಅಪ್ಪಯ್ಯ ಬರೆದದ್ದು ತಪ್ಪೋ ಸರಿಯೋ ಎಂಬ ಪ್ರಶ್ನೆಗೆ ಉತ್ತರ ಸಿಗಲು, ಕಡಲಿನಲ್ಲಿ 'ಇಲ್ಲಿ' ಎಂದು ಹೇಳುವ ವಿದ್ಯೆಯ ಚರಿತ್ರೆಯನ್ನೇ ಸ್ವಲ್ಪ ತಿರುವಿಹಾಕಬೇಕಾಯಿತು.

ಮೂರು ಬಗೆಯ ಸರಕು

ಮೊದಲು ಕಾರ್ಡು. ಕಂಪ್ಯೂಟರಿಗೂ ಚಾರ್ಟ್‌ಪ್ಲಾಟರಿಗೂ ನಡುವೆ ಓಡಾಡುವ ಸರಕು ಮೂರು ಬಗೆಯದು. ಒಂದು, ಕಡಲ ನಕ್ಷೆ. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಒಂದೊಂದು ಕಾರ್ಡಿನ ಅಥವಾ ಯಂತ್ರದ ಗುರುತಿನ ಸಂಖ್ಯೆಗೆ ಅದನ್ನು ಕಟ್ಟಿಹಾಕಿರುವುದರಿಂದ ಬೇರೆ ಕಾರ್ಡಿಗೆ ನಕಲು ಮಾಡಿದರೆ ತೆರೆಯುವುದಿಲ್ಲ. ಎರಡನೆಯದು, ಯಂತ್ರವನ್ನು ನಡೆಸುವ ಸಾಫ್ಟ್‌ವೇರ್. ತಯಾರಕರು ಅದನ್ನು ತಮ್ಮ ಜಾಲತಾಣದಲ್ಲಿ ಇಟ್ಟಿರುತ್ತಾರೆ. ಇಳಿಸಿಕೊಂಡು, ಕಾರ್ಡಿನಲ್ಲಿ ಅವರು ಹೇಳಿದ ಜಾಗದಲ್ಲೇ ಇಟ್ಟು, ಯಂತ್ರಕ್ಕೆ ಸಿಕ್ಕಿಸಬೇಕು. ಮೂರನೆಯದು, ಬೋಟಿನವರು ತಾವೇ ಹಾಕಿದ ಪಾಯಿಂಟುಗಳು.

ಮೊದಲೆರಡು ಮೇಲಿನಿಂದ ಕೆಳಗೆ ಹರಿದು ಬರುವಂಥವು. ಕಳೆದುಹೋದರೆ ಇನ್ನೊಮ್ಮೆ ತರಿಸಿಕೊಳ್ಳಬಹುದು. ಮೂರನೆಯದು ಹುಟ್ಟುವುದೇ ಬೋಟಿನಲ್ಲಿ. ಅದರ ಎರಡನೇ ಪ್ರತಿ ಲೋಕದಲ್ಲಿ ಎಲ್ಲೂ ಇರುವುದಿಲ್ಲ. ಅಂಗಡಿಯವರಿಗೆ ಅಳಿಸಿದ್ದು ದೊಡ್ಡ ವಿಷಯವಾಗಿ ಕಾಣದಿರಲು ಇದೇ ಕಾರಣ. ಅವರ ಲೆಕ್ಕದಲ್ಲಿ ಯಂತ್ರದೊಳಗಿನದೆಲ್ಲ ಮತ್ತೆ ಸಿಗುವಂಥದ್ದು.

ಹಾಗಾಗಿ ಮೊದಲ ಕೆಲಸ ನಕಲು. ಕಾರ್ಡಿನಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ತಾರೀಕು ಹಾಕಿ ಒಂದು ಪ್ರತಿ, ಪೆನ್‌ಡ್ರೈವಿಗೆ ಇನ್ನೊಂದು. ಪಾಯಿಂಟುಗಳ ಕಡತ ತಯಾರಕರದೇ ಗುಟ್ಟಿನ ರೂಪದಲ್ಲಿರುತ್ತದೆ. ಅದನ್ನು ಜಿಪಿಎಕ್ಸ್ ಎಂಬ ಬಹಿರಂಗ ರೂಪಕ್ಕೆ ಬದಲಿಸಿಕೊಂಡೆ. 2002ರಲ್ಲಿ ಬಂದ ಈ ರೂಪದ ದೊಡ್ಡ ಗುಣವೆಂದರೆ ಅದು ಬರೀ ಪಠ್ಯ. ಯಾವ ಕಂಪನಿಯ ಯಂತ್ರ ಹಾಳಾದರೂ ಮನುಷ್ಯರು ಕಣ್ಣಿನಿಂದಲೇ ಓದಬಹುದು.

ಓದಿದೆ. ಯಂತ್ರಕ್ಕೆ ಕನ್ನಡ ಬರುವುದಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ 'ಕಲ್ಲು 3', 'ಬಲೆ ಹರಿದದ್ದು', 'ಬಂಗುಡೆ' ಎಂದೆಲ್ಲ ಹೆಸರು. 'ಕಲ್ಲು 3' ಎರಡು ಕಡೆ ಇತ್ತು. ನೋಟ್‌ಬುಕ್ಕಿನಿಂದ ಒತ್ತಿದ್ದು ಒಂದು, ಬಲೆ ಹರಿದ ಮೇಲೆ ಭಾವ ಹೊಸದಾಗಿ ಗುರುತು ಹಾಕಿದ್ದು ಇನ್ನೊಂದು. ಎರಡಕ್ಕೂ ಸುಮಾರು 90 ಮೀಟರ್ ಅಂತರ. 'ಕಲ್ಲು 1' ಎಂಬುದರ ಹಳೆಯ ಹೊಸ ಜಾಗಗಳ ನಡುವೆ 600 ಮೀಟರಿಗೂ ಹೆಚ್ಚು. ಒಂದೇ ತಪ್ಪಾಗಿದ್ದರೆ ಎರಡು ಬೇರೆ ಬೇರೆ ಅಳತೆಯಲ್ಲಿ ಏಕೆ ಆಗಬೇಕು?

ಗಂಟು, ಪೋಥಿ, ಮುರಿದ ಹಡಗು

ಗಂಗೊಳ್ಳಿಯ ಹೊಳೆಯಲ್ಲಿ ಸ್ವಲ್ಪ ಮೇಲೆ ಹೋದರೆ ಬಸ್ರೂರು. ಅರಬ್ಬರು ಬಂದು ವ್ಯಾಪಾರ ಮಾಡಿ ಹೋದ ಹಳೆಯ ಬಂದರು. ಆ ಹಡಗುಗಳ ನಾವಿಕರ ಕೈಯಲ್ಲಿ 'ಕಮಾಲ್' ಎಂಬ ಸಣ್ಣ ಹಲಗೆ ಇರುತ್ತಿತ್ತು. ನಡುವೆ ಒಂದು ದಾರ, ದಾರದಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ದಾರದ ಉದ್ದಕ್ಕೆ ಹಿಡಿದಾಗ, ಕೆಳಗಿನ ಅಂಚು ದಿಗಂತಕ್ಕೂ ಮೇಲಿನ ಅಂಚು ಧ್ರುವನಕ್ಷತ್ರಕ್ಕೂ ಕೂಡಿದರೆ ನೀವು ಆ ಗಂಟಿನ ಬಂದರಿನ ನೇರದಲ್ಲಿದ್ದೀರಿ ಎಂದರ್ಥ. ಒಂದೊಂದು ಬಂದರಿಗೆ ಒಂದೊಂದು ಗಂಟು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಪ್ರತಿ ಗಂಟೂ ಒಂದು ಪಾಯಿಂಟ್. ಹೊಸ ಬಂದರಿಗೆ ಹೋಗಿಬಂದವನು ತನ್ನ ದಾರಕ್ಕೆ ಇನ್ನೊಂದು ಗಂಟು ಹಾಕಿಕೊಳ್ಳುತ್ತಿದ್ದ. ಕಛ್, ಗುಜರಾತಿನ ಮಾಲಮಿಗಳು ದಿಕ್ಕು, ದೂರ, ದಡದ ಚಿತ್ರಗಳನ್ನು ಪೋಥಿಗಳಲ್ಲಿ ಬರೆದಿಟ್ಟುಕೊಂಡರು. ಅಪ್ಪಯ್ಯನ ನೋಟ್‌ಬುಕ್ಕು ಆ ಪೋಥಿಗಳ ಸಾಲಿಗೇ ಸೇರಿದ್ದು.

ಇಂಥ ತಿಳಿವಳಿಕೆಯ ಕಷ್ಟವೆಂದರೆ ಅದು ಒಬ್ಬನ ದಾರದಿಂದ ಇನ್ನೊಬ್ಬನ ದಾರಕ್ಕೆ ಸುಲಭವಾಗಿ ಹೋಗುವುದಿಲ್ಲ. ತಪ್ಪು ಕೂಡ ಹಾಗೆಯೇ ಒಂದೇ ಕಡೆ ಉಳಿದುಬಿಡುತ್ತದೆ. ನಕ್ಷೆಯಲ್ಲಿದ್ದ ತಪ್ಪಿಗೆ ಬೆಲೆ ತೆತ್ತವನೊಬ್ಬನ ಕಥೆ ಇಲ್ಲಿ ಹೇಳಬೇಕು. 1786ರ ಮೇ ತಿಂಗಳಲ್ಲಿ 'ಅಟ್ಲಾಸ್' ಎಂಬ ಹಡಗು ಬಟಾವಿಯದಿಂದ ಸಿಂಹಳದ ಕಡೆಗೆ ಬರುತ್ತ ಹಿಂದೂ ಮಹಾಸಾಗರದ ನಡುವಿನ ಡಿಯೇಗೊ ಗಾರ್ಸಿಯಾ ದ್ವೀಪಕ್ಕೆ ಬಡಿದು ಒಡೆಯಿತು. ಹಡಗಿನಲ್ಲಿದ್ದ ನಕ್ಷೆಗಳನ್ನು ನಂಬಿದರೆ ಅಲ್ಲಿ ನೆಲ ಇರಬಾರದಿತ್ತು. ಬದುಕಿ ಉಳಿದವರಲ್ಲಿ ಜೇಮ್ಸ್ ಹಾರ್ಸ್‌ಬರ್ಗ್ ಎಂಬ ಸ್ಕಾಟ್ಲೆಂಡಿನ ಯುವ ಅಧಿಕಾರಿ ಇದ್ದ. ಮುಂದೆ ಹೋದಲ್ಲೆಲ್ಲ ಆಳ, ದಿಕ್ಕು, ಗಾಳಿ, ಪ್ರವಾಹಗಳನ್ನು ಅವನು ಬರೆದಿಟ್ಟ. 1809ರಿಂದ 1811ರ ನಡುವೆ ಹೊರಬಂದ ಅವನ 'ಇಂಡಿಯಾ ಡೈರೆಕ್ಟರಿ' ಪೂರ್ವ ಸಮುದ್ರಗಳ ನಾವಿಕರಿಗೆ ಹಲವು ದಶಕ ಕೈಪಿಡಿಯಾಗಿತ್ತು. 1810ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ಜಲನಕ್ಷೆಗಾರನಾದ.

ಅವನಿಗಿಂತ ಮುಂಚೆ ಆ ಕೆಲಸದಲ್ಲಿದ್ದವನು ಅಲೆಕ್ಸಾಂಡರ್ ಡಾಲ್ರಿಂಪಲ್. 1779ರಿಂದ ಕಂಪನಿಗೆ ನಕ್ಷೆ ಮಾಡುತ್ತಿದ್ದ ಅವನನ್ನೇ 1795ರಲ್ಲಿ ಬ್ರಿಟನ್ ತನ್ನ ನೌಕಾಪಡೆಯ ಮೊದಲ ಜಲನಕ್ಷಾ ಅಧಿಕಾರಿಯನ್ನಾಗಿ ಮಾಡಿತು. ಹಡಗಿನಿಂದ ಮರಳಿದವರ ದಿನಚರಿ ಪುಸ್ತಕಗಳು ಕಂಪನಿಗೆ ಬರುತ್ತಿದ್ದವು, ಅವುಗಳನ್ನು ಹೋಲಿಸಿ ತಿದ್ದಿದ ನಕ್ಷೆ ಮುಂದಿನ ಹಡಗಿಗೆ ಹೋಗುತ್ತಿತ್ತು. ಕಡಲಿನಿಂದ ದಡಕ್ಕೆ, ದಡದಿಂದ ಕಡಲಿಗೆ. ಈ ಎರಡು ದಾರಿಯ ಓಡಾಟವೇ 'ಅಪ್‌ಡೇಟ್'. ಆಗ ಅದಕ್ಕೆ ಒಂದೆರಡು ವರ್ಷ ಹಿಡಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ನೇರಳೆ ಶಾಯಿ

ಭಾರತದ ಕಡಲ ಸರ್ವೆಗೆಂದೇ 1874ರಲ್ಲಿ ಕಲ್ಕತ್ತದಲ್ಲಿ ಒಂದು ಇಲಾಖೆ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ಆಲ್ಫ್ರೆಡ್ ಡಂಡಾಸ್ ಟೇಲರ್ ನಮ್ಮ ಪಶ್ಚಿಮ ಕರಾವಳಿಯನ್ನು ಅಳೆದಿದ್ದವನು. ಸ್ವಾತಂತ್ರ್ಯದ ನಂತರ, 1954ರಲ್ಲಿ, ಈ ಕಚೇರಿ ದೆಹರಾದೂನಿನಲ್ಲಿ ನೆಲೆಯೂರಿತು. ಹಿಮಾಲಯದ ಬುಡದಲ್ಲಿ ಕೂತು ಕಡಲ ನಕ್ಷೆ ಮಾಡುವುದು ಎಂದಾಗ ಭಾವ ನಕ್ಕರು. ನಕ್ಷೆ ಮಾಡಲು ಅಲೆ ಕಾಣಬೇಕಿಲ್ಲ, ಅಲೆಯ ಮೇಲಿದ್ದವರ ಬರಹ ಬರಬೇಕು. ಪುಣೆಯ ಇನ್ನೊಂದು ಬದಿಯ ಖಡಕ್‌ವಾಸ್ಲಾದಲ್ಲಿರುವ, 1916ರಲ್ಲಿ ಶುರುವಾದ ನೀರು ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿಯೂ ದೂರದ ಬಂದರುಗಳ ಮಾದರಿಗಳನ್ನು ಕಟ್ಟಿ ಅಲೆ ಎಬ್ಬಿಸಿ ನೋಡುತ್ತಾರೆ.

ಮುದ್ರಿಸಿದ ನಕ್ಷೆಗೆ ತಿದ್ದುಪಡಿ ತಲುಪಿಸಲು ಇದ್ದ ದಾರಿ 'ನಾವಿಕರಿಗೆ ಸೂಚನೆ' ಎಂಬ ಪ್ರಕಟಣೆ. ದೀಪಸ್ತಂಭದ ಬೆಳಕು ಬದಲಾಯಿತು, ಹೊಸ ಹಡಗು ಮುಳುಗಿತು, ಮರಳುದಿಣ್ಣೆ ಸರಿಯಿತು, ಇವೆಲ್ಲ ನಂಬರು ಹಾಕಿ ಬರುತ್ತವೆ. ಭಾರತದ್ದು ಹದಿನೈದು ದಿನಕ್ಕೊಮ್ಮೆ. ಹಡಗಿನ ಅಧಿಕಾರಿ ಸಣ್ಣ ಮೊನೆಯ ಪೆನ್ನಿನಲ್ಲಿ ನೇರಳೆ ಶಾಯಿಯಿಂದ ನಕ್ಷೆಯ ಮೇಲೆ ತಿದ್ದಿ, ಕೆಳಗಿನ ಎಡಮೂಲೆಯಲ್ಲಿ ವರ್ಷವನ್ನೂ ಸೂಚನೆಯ ನಂಬರನ್ನೂ ಬರೆಯಬೇಕು. ಆ ಮೂಲೆಯನ್ನು ನೋಡಿದರೆ ಸಾಕು, ನಕ್ಷೆ ಯಾವ ದಿನದವರೆಗಿನದು ಎಂದು ತಿಳಿಯುತ್ತದೆ. ಯಂತ್ರದಲ್ಲಿ 'ಸಾಫ್ಟ್‌ವೇರ್ ಆವೃತ್ತಿ' ಎಂದು ಕಾಣುವ ಅಂಕಿಗೆ ಅಜ್ಜ ಈ ಎಡಮೂಲೆ. ಹಳೆಯ ತಿದ್ದುಪಡಿಯನ್ನು ಕೆರೆದು ಅಳಿಸುವುದಿಲ್ಲ, ಓದಲು ಬರುವಂತೆ ಒಂದು ಗೆರೆ ಎಳೆಯುತ್ತಾರೆ. ಏನಿತ್ತು ಎಂಬುದೂ ಉಳಿಯಬೇಕು.

ಈ ಇಡೀ ವ್ಯವಸ್ಥೆ ಹಡಗಿನವರಿಗೆ. ಮೀನುಗಾರನ ಕೈಗೆ ಅದು ಬರಲೇ ಇಲ್ಲ. ಅವನ ನಕ್ಷೆ ಬೇರೆ. ಆಳಕ್ಕೆ ಮಾರು ಅವನ ಅಳತೆ. ಕೈ ಚಾಚಿದಷ್ಟು ಹಗ್ಗ ಒಂದು ಮಾರು. ಜಾಗಕ್ಕೆ ಗುರುತು ಗುಡ್ಡ. ಕಡಲಿನಿಂದ ನೋಡಿದಾಗ ಕುದುರೆಯ ಮುಖದಂತೆ ಕಾಣುತ್ತದೆಂದೇ ಕುದುರೆಮುಖಕ್ಕೆ ಆ ಹೆಸರು. ಘಟ್ಟದ ಮೇಲಿನವರು ಇಟ್ಟ ಹೆಸರಲ್ಲ, ಹಡಗು ದೋಣಿಗಳವರ ಕಣ್ಣಿನ ಹೆಸರು. ಅಪ್ಪಯ್ಯನ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಅಂಕಿಯೇ ಇಲ್ಲ. ಕೊಡಚಾದ್ರಿಯ ಕೋಡು ಯಾವ ತೋಟದ ನೇರಕ್ಕೆ ಬರಬೇಕು, ಬಡಗಿನ ಗುಡ್ಡ ಯಾವುದರ ಹಿಂದೆ ಅಡಗಬೇಕು, ಎಷ್ಟು ಮಾರು ನೀರು, ತಳದಲ್ಲಿ ಕೆಸರೋ ಕಲ್ಲೋ, ಇಷ್ಟೇ. ಎರಡು ನೇರ ಗೆರೆಗಳು ಕೂಡುವ ಜಾಗವೇ ಕಲ್ಲು. ಮಳೆ ಮೋಡ ಕವಿದು ಘಟ್ಟ ಮರೆಯಾದರೆ ನಕ್ಷೆಯೂ ಮರೆಯಾಗುತ್ತಿತ್ತು. ಬೋಟುಗಳು ಘಟ್ಟ ಕಾಣದಷ್ಟು ಹೊರಗೆ ಹೋಗಲು ಶುರುವಾದ ಮೇಲಂತೂ ಈ ವಿದ್ಯೆ ಸಾಲದಾಯಿತು. 1970ರ ದಶಕದ ನಡುವಿನಲ್ಲಿ ಮಂಗಳೂರಿನ ಕಡೆ ಪರ್ಸೀನ್ ಬಲೆ ಬಂದು ರಂಪಣಿಯ ಕಾಲ ಮುಗಿಯತೊಡಗಿತ್ತು. ಟ್ರಾಲ್ ಬೋಟುಗಳು ಹತ್ತು ದಿನದ ಐಸು ತುಂಬಿಕೊಂಡು ಹೊರಡುವ ಕಾಲ ಮುಂದೆ ಬಂತು.

ಪರದೆ ಬಂತು

ಹಡಗಿನ ಯಂತ್ರಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಎಂದು ಅಮೆರಿಕದ ಸಾಗರ ಎಲೆಕ್ಟ್ರಾನಿಕ್ಸ್ ಸಂಘ 1983ರಲ್ಲಿ 'ಎನ್‌ಎಂಇಎ 0183' ಎಂಬ ಭಾಷೆಯನ್ನು ಗೊತ್ತುಮಾಡಿತು. ಸೆಕೆಂಡಿಗೆ 4800 ಬಿಟ್‌ಗಳ ನಿಧಾನದ ಮಾತು, ಆದರೆ ಇಂದಿಗೂ ಬಹಳ ಬೋಟುಗಳಲ್ಲಿ ಓಡುತ್ತಿದೆ. ಮರುವರ್ಷ, 1984ರಲ್ಲಿ, ಇಟಲಿಯಲ್ಲಿ ನ್ಯಾವಿಯೋನಿಕ್ಸ್ ಕಂಪನಿ ಹುಟ್ಟಿ, ನಕ್ಷೆ ತೋರಿಸುವ 'ಜಿಯೋನ್ಯಾವ್' ಯಂತ್ರವನ್ನು ಹೊರತಂದಿತು. ಅದರ ಸ್ಥಾಪಕರಲ್ಲೊಬ್ಬರಾದ ಫಾಸ್ಕೊ ಬಿಯಾಂಕೆಟ್ಟಿ 1985ರಲ್ಲಿ ಸಿ-ಮ್ಯಾಪ್ ಕಟ್ಟಿದರು. 1989ರಲ್ಲಿ ಗ್ಯಾರಿ ಬರೆಲ್ ಮತ್ತು ಮಿನ್ ಕಾವೊ ಶುರುಮಾಡಿದ ಕಂಪನಿಗೆ ಆಮೇಲೆ ಅವರಿಬ್ಬರ ಹೆಸರು ಕೂಡಿಸಿ 'ಗಾರ್ಮಿನ್' ಎಂದು ಹೆಸರಾಯಿತು. ಆ ಕಂಪನಿ 2017ರಲ್ಲಿ ನ್ಯಾವಿಯೋನಿಕ್ಸನ್ನು ಕೊಂಡುಕೊಂಡಿತು.

ಆರಂಭದ ದಿನಗಳಲ್ಲಿ ನಕ್ಷೆಯನ್ನು ಪುಟ್ಟ ಕಾರ್ಟ್ರಿಜ್‌ಗಳಲ್ಲಿ ಮಾರುತ್ತಿದ್ದರು. ಒಂದು ಕರಾವಳಿಗೆ ಒಂದು. ತಿದ್ದುಪಡಿ ಬೇಕಾದರೆ ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯಬೇಕು. ಮೀನುಗಾರ ತನ್ನ ಪಾಯಿಂಟುಗಳನ್ನು ಹೊರತೆಗೆಯಬೇಕಾದರೆ ವಿಶೇಷ ಕೇಬಲ್ಲು ಬೇಕು, ಕಂಪ್ಯೂಟರು ಬೇಕು. ಇಲ್ಲದವರಿಗೆ ನೋಟ್‌ಬುಕ್ಕೇ ಗತಿ. ಕ್ಯಾಮೆರಾ, ಫೋನುಗಳಲ್ಲಿ ಬಳಸುವ ಎಸ್‌ಡಿ ಕಾರ್ಡುಗಳು ಚಾರ್ಟ್‌ಪ್ಲಾಟರಿಗೂ ಬಂದ ಮೇಲೆ ದಾರಿ ಸುಲಭವಾಯಿತು. ಈಗ ವೈಫೈ ಇರುವ ಯಂತ್ರಗಳು ಫೋನಿನ ಮೂಲಕವೇ ತಿದ್ದುಪಡಿ ಪಡೆಯುತ್ತವೆ. ದೊಡ್ಡ ಹಡಗುಗಳಿಗೆ ಅಂತಾರಾಷ್ಟ್ರೀಯ ನಿಯಮದ ಎಲೆಕ್ಟ್ರಾನಿಕ್ ನಕ್ಷೆ 2012ರಿಂದ 2018ರೊಳಗೆ ಹಂತ ಹಂತವಾಗಿ ಕಡ್ಡಾಯವಾಯಿತು. ನೇರಳೆ ಶಾಯಿಯ ಕೆಲಸ ಬಹುಮಟ್ಟಿಗೆ ಮುಗಿದದ್ದು ಆಗಲೇ.

ತೊಂಬತ್ತು ಮೀಟರಿನ ಗುಟ್ಟು

ಅಪ್ಪಯ್ಯ ಮೊದಲ ಜಿಪಿಎಸ್ ಕೊಂಡದ್ದು 1990ರ ದಶಕದ ಕೊನೆಯಲ್ಲಿ. ಪರದೆಯಲ್ಲಿ ನಕ್ಷೆ ಇಲ್ಲ, ಬರೀ ಅಂಕಿ. ನೋಟ್‌ಬುಕ್ಕಿನಲ್ಲಿ 'ಕಲ್ಲು 3'ರ ಎದುರು ಮೂರು ಬೇರೆ ಬೇರೆ ತಾರೀಕು, ಮೂರು ಬೇರೆ ಬೇರೆ ಜಾಗ. ಒಂದಕ್ಕೊಂದು ಹೊಂದುವುದಿಲ್ಲ. ಭಾವನಿಗೆ ಇದು ಮುದುಕರ ಗೊಂದಲದಂತೆ ಕಂಡಿತ್ತು. ಮೊದಲ ಸಾಲನ್ನಷ್ಟೇ ಯಂತ್ರಕ್ಕೆ ಹಾಕಿ ಉಳಿದೆರಡನ್ನು ಬಿಟ್ಟಿದ್ದರು. ಮೂರೂ ತಾರೀಕುಗಳು 1998 ಮತ್ತು 1999ರವು.

ಇಲ್ಲಿದೆ ವಿಷಯ. ಜಿಪಿಎಸ್ ಅಮೆರಿಕದ ಸೇನೆಯ ವ್ಯವಸ್ಥೆ. ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಒಕ್ಕೂಟ ಹೊಡೆದುರುಳಿಸಿದ ಮೇಲೆ, ಜಿಪಿಎಸ್ ಸಿದ್ಧವಾದಾಗ ನಾಗರಿಕರಿಗೂ ಕೊಡುತ್ತೇವೆ ಎಂದು ಅಮೆರಿಕ ಹೇಳಿತು. ಕೊಟ್ಟಿತು, ಆದರೆ ಬೇಕೆಂದೇ ಸ್ವಲ್ಪ ಕೆಡಿಸಿ ಕೊಟ್ಟಿತು. ಸೇನೆಗೆ ನಿಖರವಾದ ಸಂಕೇತ, ನಾಗರಿಕರಿಗೆ ನೂರು ಮೀಟರಿನವರೆಗೂ ಆಚೀಚೆ ಹೋಗುವ ಸಂಕೇತ. ಆ ತಪ್ಪು ಒಂದೇ ಕಡೆಗೆ ಇರುತ್ತಿರಲಿಲ್ಲ, ಹೊತ್ತು ಹೊತ್ತಿಗೂ ಅಲೆದಾಡುತ್ತಿತ್ತು. 2000ದ ಮೇ 1ರ ಮಧ್ಯರಾತ್ರಿ ವಾಷಿಂಗ್ಟನ್ ಸಮಯಕ್ಕೆ, ನಮ್ಮಲ್ಲಿ ಮೇ 2ರ ಬೆಳಗ್ಗೆ, ಅಧ್ಯಕ್ಷ ಕ್ಲಿಂಟನ್ ಆಡಳಿತ ಅದನ್ನು ನಿಲ್ಲಿಸಿತು. ಲೋಕದ ಎಲ್ಲ ಜಿಪಿಎಸ್ ಯಂತ್ರಗಳೂ ಒಂದೇ ಗಳಿಗೆಯಲ್ಲಿ ಹಲವು ಪಟ್ಟು ಚುರುಕಾದವು. ಯಾರೂ ಕಾರ್ಡು ಸಿಕ್ಕಿಸಲಿಲ್ಲ, ಗುಂಡಿ ಒತ್ತಲಿಲ್ಲ.

ಅಪ್ಪಯ್ಯ ಬರೆದದ್ದು ಅದಕ್ಕಿಂತ ಮುಂಚೆ. ಯಂತ್ರ ಹೇಳಿದ್ದನ್ನು ಅವರು ತಪ್ಪಿಲ್ಲದೆ ಬರೆದಿದ್ದರು, ಯಂತ್ರವೇ ಸುಳ್ಳು ಹೇಳುತ್ತಿತ್ತು. ಅದು ದಿನಕ್ಕೊಂದು ಹೇಳುತ್ತದೆ ಎಂದು ಗಮನಿಸಿದ್ದರಿಂದಲೇ ಒಂದೇ ಕಲ್ಲಿಗೆ ಮೂರು ದಿನ ಹೋಗಿ ಮೂರು ಸಲ ಬರೆದಿದ್ದಾರೆ. ಮೂರರ ಸರಾಸರಿ ತೆಗೆದು ನೋಡಿದೆ. ಭಾವ ಹೊಸದಾಗಿ ಗುರುತು ಹಾಕಿದ ಕಲ್ಲಿನಿಂದ ಅದು ಮೂವತ್ತು ಮೀಟರ್ ಕೂಡ ದೂರವಿರಲಿಲ್ಲ. ಹತ್ತು ಮೀಟರಿನ ಬೋಟಾದರೆ ಮೂರು ಬೋಟಿನಷ್ಟು ದೂರ.

ಇನ್ನು 'ಕಲ್ಲು 1'ರ ಅರ್ಧ ಕಿಲೋಮೀಟರಿಗೂ ಮೀರಿದ ತಪ್ಪು. ಅದು ಉಪಗ್ರಹದ್ದಲ್ಲ, ಬರೆಯುವ ಪದ್ಧತಿಯದು. ಒಂದು ಡಿಗ್ರಿಗೆ 60 ಮಿನಿಟು, ಅಕ್ಷಾಂಶದಲ್ಲಿ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲು, 1852 ಮೀಟರ್. ಮಿನಿಟನ್ನು ಮತ್ತೆ ಭಾಗಿಸಲು ಎರಡು ದಾರಿಯಿವೆ. 60 ಸೆಕೆಂಡುಗಳಾಗಿ, ಇಲ್ಲವೇ ದಶಮಾಂಶವಾಗಿ. ಅಪ್ಪಯ್ಯ ದಶಮಾಂಶದಲ್ಲಿ ಬರೆದಿದ್ದರು. '.50' ಎಂದರೆ ಅರ್ಧ ಮಿನಿಟು, ಅಂದರೆ 30 ಸೆಕೆಂಡು. ಅಂಗಡಿಯವರು ಹೊಸದರಂತೆ ಮಾಡಿಕೊಟ್ಟ ಯಂತ್ರ ಸೆಕೆಂಡುಗಳಲ್ಲಿ ಕೇಳುತ್ತಿತ್ತು. ಭಾವ 50 ಎಂದು ಒತ್ತಿದರು. 20 ಸೆಕೆಂಡಿನ ವ್ಯತ್ಯಾಸ, 617 ಮೀಟರ್.

ಹಾಗಿದ್ದರೆ ಎಲ್ಲ ಪಾಯಿಂಟುಗಳೂ ಹೀಗೆಯೇ ತಪ್ಪಬೇಕಿತ್ತಲ್ಲ? ನೋಟ್‌ಬುಕ್ಕಿನ ಕ್ರಮದಲ್ಲಿ ನೋಡುತ್ತ ಹೋದೆ. ಮೊದಲ ಹನ್ನೊಂದು ಮಾತ್ರ ಹೀಗಿದ್ದವು. ಹನ್ನೆರಡನೆಯದರಲ್ಲಿ '.72' ಇತ್ತು. 72 ಸೆಕೆಂಡು ಎಂಬುದು ಇಲ್ಲವಾದ್ದರಿಂದ ಯಂತ್ರ ಒಪ್ಪಿರಲಿಕ್ಕಿಲ್ಲ. ಕೇಳಿದರೆ ಭಾವನಿಗೆ ನೆನಪಾಯಿತು. "ಹೌದ್, ಆಗ ಅದು ತಕ್ಕಣ್ಲಿಲ್ಲೆ. ಮಗ ಬಂದು ಎಂತದೋ ಬದಲ್ ಮಾಡ್ದ, ಮತ್ತೆ ಸಮ ಆಯ್ತ್." ಮೊದಲು ಒತ್ತಿದ ಹನ್ನೊಂದನ್ನು ಯಾರೂ ಹಿಂದಿರುಗಿ ನೋಡಲಿಲ್ಲ.

ಇದೇ ಜಾತಿಯ ಇನ್ನೊಂದು ಬಲೆಯೂ ಇದೆ. ಹಳೆಯ ಭಾರತೀಯ ನಕ್ಷೆಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕಹಾಕಿದ ಭೂಮಿಯ ಆಕಾರವನ್ನು ಆಧಾರ ಮಾಡಿಕೊಂಡಿದ್ದವು. ಜಿಪಿಎಸ್ ಲೆಕ್ಕಹಾಕುವುದು 1984ರ ಜಾಗತಿಕ ಮಾನದಂಡದ ಮೇಲೆ. ಎರಡನ್ನೂ ಬೆರೆಸಿದರೆ ಒಂದೇ ಜಾಗಕ್ಕೆ ಎರಡು ವಿಳಾಸ ಸಿಗುತ್ತದೆ. ಯಂತ್ರದ ಸೆಟ್ಟಿಂಗಿನಲ್ಲಿ ಈ ಆಯ್ಕೆ ಎಲ್ಲಿದೆ ಎಂದು ಪ್ರತಿ ತಾಂಡೇಲನೂ ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಸಾಫ್ಟ್‌ವೇರ್ ಅಪ್‌ಡೇಟ್ ಏಕೆ ಬೇಕು ಎಂಬುದಕ್ಕೂ ಅಪ್ಪಯ್ಯನ ಹಳೆಯ ಯಂತ್ರವೇ ಸಾಕ್ಷಿ. 2019ರ ಏಪ್ರಿಲ್‌ನಲ್ಲಿ ಅದು ಇದ್ದಕ್ಕಿದ್ದಂತೆ 1999ರ ಆಗಸ್ಟ್ ಎಂದು ತೋರಿಸತೊಡಗಿತ್ತಂತೆ. ಉಪಗ್ರಹಗಳು ವಾರದ ಸಂಖ್ಯೆಯನ್ನು ಹತ್ತು ಬಿಟ್‌ಗಳಲ್ಲಿ ಕಳಿಸುತ್ತವೆ. ಅದರಲ್ಲಿ 1024 ವಾರ ಮಾತ್ರ ಹಿಡಿಸುತ್ತದೆ, ಆಮೇಲೆ ಮತ್ತೆ ಸೊನ್ನೆ. 1980ರ ಜನವರಿ 6ರಿಂದ ಎಣಿಸಿದರೆ ಮೊದಲ ಸುತ್ತು ಮುಗಿದದ್ದು 1999ರ ಆಗಸ್ಟ್‌ನಲ್ಲಿ, ಎರಡನೆಯದು 2019ರ ಏಪ್ರಿಲ್ 6ರ ರಾತ್ರಿ. ಅಪ್‌ಡೇಟ್ ಆಗದ ಕೆಲವು ಯಂತ್ರಗಳು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋದವು. ಜಾಗ ಸರಿ ತೋರಿಸಿದರೂ ತಾರೀಕು ತಪ್ಪಿದರೆ ಭರತ ಇಳಿತದ ಲೆಕ್ಕ ತಪ್ಪುತ್ತದೆ. ಮುಂದಿನ ಸುತ್ತು 2038ರ ನವೆಂಬರ್‌ನಲ್ಲಿ.

ಅಪ್‌ಡೇಟ್ ಮಾಡಲಾಗದ್ದು

ತಂತ್ರ ಇಷ್ಟೆಲ್ಲ ಬೆಳೆದಿರುವಾಗ ಕಡಲಿನಲ್ಲಿ ಬೋಟು ಕಾಣೆಯಾಗುವುದೇಕೆ ಎಂದು ಕೇಳುವವರಿದ್ದಾರೆ. ಕರಾವಳಿಯವರು ಆ ಪ್ರಶ್ನೆಯನ್ನು ಮೆಲ್ಲಗೆ ಕೇಳುತ್ತಾರೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟಿನಲ್ಲಿ ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಇದ್ದರು. ಎರಡು ದಿನದ ಮೇಲೆ ಸಂಪರ್ಕ ತಪ್ಪಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇ ಆರಂಭದಲ್ಲಿ, ನೌಕಾಪಡೆಯ ಹಡಗು 'ನಿರೀಕ್ಷಕ್' ಹುಡುಕಿದಾಗ. ಅಷ್ಟು ತಿಂಗಳು ಆ ಮನೆಗಳವರು ಕಾದರು.

ಚಾರ್ಟ್‌ಪ್ಲಾಟರು ಬೋಟಿಗೆ ತಾನೆಲ್ಲಿದ್ದೇನೆ ಎಂದು ಹೇಳುತ್ತದೆ. ಬೋಟು ಎಲ್ಲಿದೆ ಎಂದು ದಡಕ್ಕೆ ಅದು ಹೇಳುವುದಿಲ್ಲ. ಜಿಪಿಎಸ್ ಬರೀ ಕೇಳಿಸಿಕೊಳ್ಳುವ ಯಂತ್ರ, ಮಾತಾಡುವುದಲ್ಲ. ಎಷ್ಟು ಸಾಫ್ಟ್‌ವೇರ್ ಹಾಕಿದರೂ ಇಲ್ಲದ ಆಂಟೆನಾ ಹುಟ್ಟುವುದಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಬಂದ ಓಖಿ ಚಂಡಮಾರುತ ಈ ಕೊರತೆಯನ್ನು ದೇಶಕ್ಕೇ ತೋರಿಸಿತ್ತು. ದೂರ ಹೋಗಿದ್ದ ಬೋಟುಗಳಿಗೆ ಎಚ್ಚರಿಕೆ ತಲುಪಿಸಲು ದಾರಿಯೇ ಇರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ 'ಜೆಮಿನಿ' ಬಂತು. ಉಪಗ್ರಹದಿಂದ ಬಂದ ಹವಾಮಾನ ಎಚ್ಚರಿಕೆಯನ್ನೂ ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನೂ ಅದು ಬ್ಲೂಟೂತಿನಲ್ಲಿ ಫೋನಿಗೆ ದಾಟಿಸುತ್ತದೆ. ಆದರೆ ಅದೂ ಕೇಳುವ ಯಂತ್ರವೇ. ಎರಡೂ ಕಡೆ ಮಾತಾಡುವ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಬೋಟುಗಳಿಗೆ ಹಾಕುವ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ನಮ್ಮದೇ 'ನಾವಿಕ್' ಉಪಗ್ರಹಗಳ ಸರಣಿ 2013ರಲ್ಲಿ ಆರಂಭವಾಗಿ 2016ಕ್ಕೆ ಏಳಾಯಿತು. ಸಾಮಾನ್ಯ ಯಂತ್ರಗಳೂ ಹಿಡಿಯಬಲ್ಲ ಎಲ್1 ತರಂಗ ಅದಕ್ಕೆ ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ.

ದಡಕ್ಕೆ ಮಾತು ತಲುಪಿಸುವ ಯಂತ್ರಕ್ಕೆ ಮೀನುಗಾರರು ಹಿಂಜರಿಯುವುದಕ್ಕೂ ಕಾರಣವಿದೆ. ತಾನೆಲ್ಲಿ ಬಲೆ ಹಾಕಿದೆ ಎಂಬುದು ಎಲ್ಲರಿಗೂ ತಿಳಿದರೆ ಪಾಯಿಂಟಿಗೆ ಬೆಲೆಯೇನು? ಬೋಟು ಮಾರುವಾಗ ಜಿಪಿಎಸ್‌ನಲ್ಲಿನ ಪಾಯಿಂಟು ಅಳಿಸಿ ಕೊಡುವವರಿದ್ದಾರೆ ಎಂದರು ಭಾವ. ಹಾರ್ಸ್‌ಬರ್ಗನ ಕಾಲದಿಂದಲೂ ಇರುವ ಜಗಳವಿದು. ಹಂಚಿಕೊಂಡರೆ ನಕ್ಷೆ ಸರಿಯಾಗುತ್ತದೆ, ಬಚ್ಚಿಟ್ಟುಕೊಂಡರೆ ಹೊಟ್ಟೆ ತುಂಬುತ್ತದೆ. ಜೀವ ಉಳಿಸುವ ಮಾಹಿತಿ ಮತ್ತು ಜೀವನ ನಡೆಸುವ ಮಾಹಿತಿ, ಇವೆರಡನ್ನೂ ಬೇರೆ ಬೇರೆ ಇಡುವ ದಾರಿ ಹುಡುಕದೆ ಮೀನುಗಾರರ ನಂಬಿಕೆ ಗಳಿಸುವುದು ಕಷ್ಟ.

ಎರಡು ಕೆರೆ

ಸಂಜೆ ಭಾವನನ್ನು ಕಾತ್ರಜದ ಕೆರೆಯ ಕಡೆ ಕರೆದುಕೊಂಡು ಹೋದೆ. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಇಲ್ಲಿಂದ ಪುಣೆಯ ಪೇಟೆಗೆ ನೆಲದಡಿಯ ಕಾಲುವೆಯಲ್ಲಿ ನೀರು ಹರಿಸಿದರು. ಮೇಲೊಂದು ಕೆರೆ, ಕೆಳಗೊಂದು ಕೆರೆ. ಮೇಲಿನದರಲ್ಲಿ ಹೂಳು ತಂಗಿ, ತಿಳಿನೀರು ಕೆಳಗಿನದಕ್ಕೆ ಬಂದು, ಅಲ್ಲಿಂದ ಊರಿಗೆ. ಕಾಲುವೆಯ ಉದ್ದಕ್ಕೂ ಇಳಿದು ನೋಡಿ ಸ್ವಚ್ಛ ಮಾಡಲು ಬಾಯಿಗಳು.

"ನಿಮ್ಮ ಕಾರ್ಡನ್ನೂ ಹೀಗೇ ಮಾಡಿದ್ದೇನೆ ಭಾವ" ಎಂದೆ. "ಮೊದಲು ಎಲ್ಲದರ ಪ್ರತಿ ಒಂದು ಕಡೆ ತಂಗಿದೆ. ತಿದ್ದಿದ್ದು ಮಾತ್ರ ಕಾರ್ಡಿಗೆ ಹೋಗಿದೆ. ಹಳೆಯದನ್ನು ಅಳಿಸಿಲ್ಲ, 'ಹಳೇದು' ಎಂದು ಹೆಸರು ಕೊಟ್ಟು ಬೇರೆ ಕಡತದಲ್ಲಿ ಇಟ್ಟಿದ್ದೇನೆ."

ಅವರು ಊರಿಗೆ ಹೋಗಿ, ಜುಲೈ ಕೊನೆಯ ವಾರ ಬೋಟಿನಿಂದಲೇ ವಿಡಿಯೊ ಕಾಲ್ ಮಾಡಿದರು. ಬ್ಯಾಟರಿ ತುಂಬಿದೆಯೇ ನೋಡಿ, ಮುಗಿಯುವವರೆಗೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಎಂದೆ. ಇಂಜಿನ್ ಎದ್ದಾಗ ವಿದ್ಯುತ್ ಒಮ್ಮೆ ಕುಸಿಯುತ್ತದೆ, ಅರ್ಧ ಹಾಕಿದ ಸಾಫ್ಟ್‌ವೇರ್ ಅಲ್ಲಿಗೇ ನಿಂತರೆ ಯಂತ್ರ ಮತ್ತೆ ಏಳದಿರಬಹುದು. ಮೊದಲು ಯಂತ್ರದಲ್ಲಿದ್ದ ಪಾಯಿಂಟುಗಳನ್ನು ಬೇರೊಂದು ಕಾರ್ಡಿಗೆ ಉಳಿಸಿದರು. ಆಮೇಲೆ ಹೊಸ ಸಾಫ್ಟ್‌ವೇರ್. ಪರದೆ ಕಪ್ಪಾಗಿ, ಪಟ್ಟಿ ನಿಧಾನ ತುಂಬಿ, ಯಂತ್ರ ತಾನೇ ಆರಿ ಮತ್ತೆ ಹೊತ್ತಿತು. ಕೊನೆಗೆ ತಿದ್ದಿದ ಪಾಯಿಂಟುಗಳು. ನಕ್ಷೆಯ ಮೇಲೆ ಸಣ್ಣ ಸಣ್ಣ ಗುರುತುಗಳು ಒಂದೊಂದಾಗಿ ಮೂಡಿದವು.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿನಿಂದ ಪರದೆ ಮುಟ್ಟಿ ತೋರಿಸಿದರು. "ಕಾಣ್, ಅಪ್ಪಯ್ಯನ ಕಲ್ಲ್ ಇಲ್ಲಿತ್ತ್."

ಪುಣೆಯಲ್ಲೇ ಬೆಳೆದ ನನ್ನ ಮಗಳು ಹಿಂದಿನಿಂದ ಇಣುಕಿ, "ಇತ್ತಾ? ಈಗ ಇಲ್ವಾ ಅಪ್ಪ?" ಎಂದು ಕೇಳಿದಳು. ಕುಂದಾಪುರದ ಕಡೆಯ ಕನ್ನಡದಲ್ಲಿ 'ಇತ್ತ್' ಎಂದರೆ 'ಇದೆ' ಎಂದು ಅವಳಿಗೆ ಹೇಳಿಕೊಟ್ಟೆ.